ಕಪಾಟಿನ ಚೀಟಿ ಮೇಜಿಗೂ ಬರಲಿ

ಮಾನ್ಯ ಸಂಪಾದಕರೇ,

ಇಟಲಿಯ ದಿನಸಿ ಮಾರುತ್ತಾ ಅದೇ ಸೂರಿನಡಿ ಇಟಲಿಯ ಊಟವನ್ನೂ ಬಡಿಸುವ ಮಳಿಗೆಗಳು ಬೆಂಗಳೂರಿನ ಮಾಲ್‌ಗಳಲ್ಲೂ ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಕಡೆಯೂ ಈಗ ಹೊಸದಲ್ಲ. ಒಂದು ಗೋಡೆಗೆ ಪಾಸ್ತಾ, ಆಲಿವ್ ಎಣ್ಣೆ, ಟೊಮೆಟೊ ಡಬ್ಬಿ ಜೋಡಿಸಿದ ಕಪಾಟು, ಒಂದು ಮೂಲೆಯಲ್ಲಿ ಚೀಸ್ ಕೌಂಟರ್, ಆಚೆಗೆ ಒಲೆ, ನಡುವೆ ಮೇಜು ಕುರ್ಚಿ. ಈ ಮಾದರಿಯನ್ನು ಭಾರೀ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಆಸ್ಕರ್ ಫರಿನೆಟ್ಟಿ. ಅವರ 'ಈಟಲಿ' 2007ರಲ್ಲಿ ಟ್ಯೂರಿನ್ ನಗರದ ಹಳೆಯ ವರ್ಮತ್ (ಗಿಡಮೂಲಿಕೆ ಬೆರೆಸಿದ ವೈನ್) ಕಾರ್ಖಾನೆಯೊಂದರಲ್ಲಿ ಶುರುವಾಗಿ 2010ರಲ್ಲಿ ನ್ಯೂಯಾರ್ಕ್ ಸೇರಿತು. ತಟ್ಟೆಯಲ್ಲಿ ತಿಂದದ್ದು ಹಿಡಿಸಿದರೆ ಅದೇ ಸಾಮಾನನ್ನು ಕಪಾಟಿನಿಂದ ಕೊಂಡು ಮನೆಗೆ ಒಯ್ಯಿರಿ ಎಂಬುದು ಅದರ ತಿರುಳು.

ಇಂಥ ಕಡೆ ಹೋಗಿ ಬಂದವರ ದೂರು ಬಹಳ ಸಲ 'ವಿಪರೀತ ದುಬಾರಿ' ಅನ್ನುವಲ್ಲಿಗೇ ನಿಂತುಬಿಡುತ್ತದೆ. ಆಮದು ಸುಂಕ, ಮಾಲ್ ಬಾಡಿಗೆ, ಶೀತಲ ಸಾಗಣೆ ಎಲ್ಲ ಸೇರಿದ ಮೇಲೆ ಅಗ್ಗವಾಗಿರಲು ಸಾಧ್ಯವಿಲ್ಲ, ಬೇಡವಾದವರು ಹೋಗದೆ ಇರಬಹುದು. ನಿಜವಾದ ತಕರಾರು ಬೇರೆ ಇದೆ. ಕಪಾಟಿನಲ್ಲಿರುವ ಪೊಟ್ಟಣ ತನ್ನ ದೇಶ, ತೂಕ, ತಾರೀಕು, ಒಳಗಿನ ಪದಾರ್ಥ ಎಲ್ಲವನ್ನೂ ಹೇಳಲೇಬೇಕೆಂದು ಕಾನೂನಿದೆ. ಅದೇ ಪೊಟ್ಟಣ ಅಡುಗೆಮನೆ ಹೊಕ್ಕು ತಟ್ಟೆಯಾಗಿ ಹೊರಬಂದಾಗ ಅದರ ಬಹುಪಾಲು ಮಾಯ. ಮೆನುವಿನಲ್ಲಿ ಉಳಿಯುವುದು ಒಂದು ಚಂದದ ಇಟಾಲಿಯನ್ ಹೆಸರು, ಪಕ್ಕದಲ್ಲೊಂದು ಅಂಕಿ. ಬರೀ ಹೋಟೆಲ್ ಆಗಿದ್ದರೆ 'ನಮಗೇನು ಗೊತ್ತು, ಸಪ್ಲೈಯರ್ ಕೊಟ್ಟದ್ದು' ಎನ್ನಬಹುದಿತ್ತು. ಹತ್ತು ಹೆಜ್ಜೆ ಆಚೆ ಅದೇ ಸಾಮಾನನ್ನು ಚೀಟಿ ಸಮೇತ ಮಾರುವವರಿಗೆ ಆ ನೆಪ ಇಲ್ಲ. ಕಪಾಟಿನ ಮೇಲೆ ಬರೆದದ್ದನ್ನು ಮೆನುವಿನಲ್ಲೂ ಬರೆಯಿರಿ ಎಂದು ಗಿರಾಕಿಗಳು ಕೇಳಬೇಕು. ಏನನ್ನು, ಯಾಕೆ ಕೇಳಬೇಕು ಎಂಬುದಕ್ಕೆ ಈ ಪತ್ರ.

ಚೀಸ್‌ನಿಂದಲೇ ಶುರು ಮಾಡೋಣ. ಪಾರ್ಮಿಜಾನೊ ರೆಜಾನೊ ಎಂಬ ಹೆಸರನ್ನು ಯುರೋಪಿನಲ್ಲಿ ಮನಬಂದಂತೆ ಬಳಸುವಂತಿಲ್ಲ. ಪಾರ್ಮಾ, ರೆಜೊ ಎಮಿಲಿಯಾ, ಮೊಡೆನಾ ಪ್ರಾಂತ್ಯಗಳು, ಬೊಲೋನ್ಯಾ ಮತ್ತು ಮಾಂಟುವಾ ಪ್ರಾಂತ್ಯಗಳ ಒಂದೊಂದು ಭಾಗ, ಇಷ್ಟರೊಳಗೆ ಪಾಶ್ಚರೀಕರಿಸದ ಹಸುವಿನ ಹಾಲಿನಿಂದ ಮಾಡಿ ಕಡಿಮೆಯೆಂದರೆ 12 ತಿಂಗಳು ಮಾಗಿಸಿದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಚೀಸನ್ನು ಗಾಲಿಯ ಆಕಾರದಲ್ಲಿ ಮಾಡುತ್ತಾರೆ, ಸುಮಾರು 40 ಕಿಲೋ ತೂಗುವ ಒಂದು ಗಾಲಿಗೆ 500 ಲೀಟರ್‌ಗೂ ಮೇಲೆ ಹಾಲು ಹೋಗುತ್ತದೆ. ಗಾಲಿಯ ಸಿಪ್ಪೆಯ ಸುತ್ತ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಒತ್ತಿರುತ್ತಾರೆ. ಹಾಗಾಗಿ 200 ಗ್ರಾಂ ತುಂಡು ಕೊಂಡರೂ ಸಿಪ್ಪೆಯ ಕಡೆ ತಿರುಗಿಸಿ ನೋಡಿದರೆ ಆ ಚುಕ್ಕಿ ಅಕ್ಷರಗಳಲ್ಲಿ ಒಂದೆರಡರ ಚೂರಾದರೂ ಸಿಗುತ್ತದೆ. ಸಿಪ್ಪೆಯೇ ಇಲ್ಲದ ತುಂಡಿಗೆ, ತುರಿದು ಡಬ್ಬಿಗೆ ತುಂಬಿದ ಪುಡಿಗೆ ಈ ಪರೀಕ್ಷೆ ನಡೆಯದು. ನಮ್ಮಲ್ಲಿ ಬರೀ 'ಪಾರ್ಮೆಸಾನ್' ಎಂದಿದ್ದರೆ ಅದು ಯಾವ ದೇಶದ ಚೀಸ್ ಬೇಕಾದರೂ ಆಗಿರಬಹುದು.

ಇದರ ತಮ್ಮನಂತಿರುವ ಗ್ರಾನಾ ಪಡಾನೊ 9 ತಿಂಗಳು ಮಾಗಿದರೆ ಸಾಕು, ತಯಾರಾಗುವ ಪ್ರದೇಶವೂ ದೊಡ್ಡದು, ಆದ್ದರಿಂದ ಬೆಲೆ ಕಡಿಮೆ. ರುಚಿಯಲ್ಲಿ ಕೆಟ್ಟದ್ದೇನಲ್ಲ, ಅಡುಗೆಗೆ ಧಾರಾಳ ಸಾಕು. ಮೆನುವಿನಲ್ಲಿ ಪಾರ್ಮಿಜಾನೊ ಎಂದು ಬರೆದು ಮೇಲೆ ಗ್ರಾನಾ ತುರಿದು ಉದುರಿಸಿದರೆ ಮಾತ್ರ ಅದು ಮೋಸ. ಇನ್ನೊಂದು ಸಂಗತಿ: ಗ್ರಾನಾದಲ್ಲಿ ಸಾಮಾನ್ಯವಾಗಿ ಲೈಸೊಜೈಮ್ ಎಂಬ ಕಿಣ್ವ ಹಾಕುತ್ತಾರೆ. ಅದು ಬರುವುದು ಮೊಟ್ಟೆಯ ಬಿಳಿಭಾಗದಿಂದ. ಪೊಟ್ಟಣದ ಮೇಲೆ ಹಾಗೆಂದು ಬರೆದಿರುತ್ತದೆ, ತಟ್ಟೆಯ ಮೇಲೆ ಬರೆದಿರುವುದಿಲ್ಲ.

ಈಗ ನಮ್ಮ ಊರಿನ ಸಸ್ಯಾಹಾರಿ ಗಿರಾಕಿಗಳಿಗೆ ಮುಖ್ಯವಾದ ವಿಷಯ. ಪಾರ್ಮಿಜಾನೊಗೆ ಹಾಲು ಒಡೆಸಲು ಕರುವಿನ ಜಠರದಿಂದ ತೆಗೆದ ರೆನೆಟ್ಟೇ (ಹಾಲು ಒಡೆಸುವ ಕಿಣ್ವ) ಆಗಬೇಕೆಂದು ಅದರ ನಿಯಮಾವಳಿಯಲ್ಲೇ ಇದೆ. ಕುರಿಹಾಲಿನ ಪೆಕೊರಿನೊ ರೊಮಾನೊ ಚೀಸ್‌ಗೆ ಕುರಿಮರಿಯ ರೆನೆಟ್. ಆದ್ದರಿಂದ ಲೆಕ್ಕ ಸರಳ. ಮೆನುವಿನಲ್ಲಿ 'ಪಾರ್ಮಿಜಾನೊ ರೆಜಾನೊ' ಎಂದಿದ್ದು ಹೆಸರು ನಿಜವಾಗಿದ್ದರೆ ರೆನೆಟ್ ಕರುವಿನದು. ರೆನೆಟ್ ಕರುವಿನದಲ್ಲ ಎಂದು ವೇಟರ್ ಆಣೆ ಹಾಕಿದರೆ ಹೆಸರು ಸುಳ್ಳು. ಮೂರನೆಯ ದಾರಿ ಇಲ್ಲ. ಹಸಿರು ಗುರುತು ನೋಡಿ ಸಮಾಧಾನ ಪಡುವಂತೆಯೂ ಇಲ್ಲ, ಯಾಕೆಂದರೆ ನಮ್ಮ ಆಹಾರ ಸುರಕ್ಷತಾ ನಿಯಮಗಳಲ್ಲಿ ಮಾಂಸಾಹಾರದ ವ್ಯಾಖ್ಯೆಯಿಂದ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೊರಗಿಟ್ಟಿದ್ದಾರೆ. ಚೀಸ್ ಹಾಲಿನ ಉತ್ಪನ್ನ, ಅದನ್ನು ಯಾವುದರಿಂದ ಒಡೆಸಿದರು ಎಂಬುದನ್ನು ಆ ಚುಕ್ಕಿ ಹೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ 'ಇದು ವೆಜ್ಜಾ?' ಅಂತಲ್ಲ, ಅದಕ್ಕೆ ಯಾವಾಗಲೂ 'ಹೌದು ಸರ್' ಎಂಬ ಉತ್ತರವೇ. 'ಯಾವ ಚೀಸ್, ಯಾವ ರೆನೆಟ್, ಪೊಟ್ಟಣ ತೋರಿಸಿ' ಎಂದು ಕೇಳಿ. ಕಪಾಟಿನಲ್ಲೇ ಇರುವ ಸಾಮಾನು, ತಂದು ತೋರಿಸಲು ಎರಡು ನಿಮಿಷ. 'ಮೈಕ್ರೋಬಿಯಲ್ ರೆನೆಟ್' (ಸೂಕ್ಷ್ಮಜೀವಿಗಳಿಂದ ತೆಗೆದದ್ದು) ಅಥವಾ 'ವೆಜಿಟೇರಿಯನ್ ರೆನೆಟ್' ಎಂದಿದ್ದರೆ ಚಿಂತೆ ಇಲ್ಲ.

ಚೀಸ್ ಒಂದೇ ಅಲ್ಲ. ಪನ್ನಾ ಕೊಟ್ಟಾ ಎಂಬ ಕ್ರೀಮಿನ ಸಿಹಿ ಗಟ್ಟಿಯಾಗುವುದು ಸಂಪ್ರದಾಯದಂತೆ ಜೆಲಟಿನ್‌ನಿಂದ, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟಿನಿಂದ. ಸಸ್ಯಾಹಾರಿಗಳಿಗೆ ಮಾಡುವುದಾದರೆ ಕಡಲಪಾಚಿಯಿಂದ ತೆಗೆದ ಅಗರ್ ಹಾಕಬೇಕು. ತಿನ್ನುವಾಗ ವ್ಯತ್ಯಾಸ ಗೊತ್ತಾಗುತ್ತದೆ: ಜೆಲಟಿನ್‌ನದು ನಾಲಿಗೆಯ ಮೇಲೆ ಕರಗುತ್ತದೆ, ಅಗರ್‌ನದು ಕರಗದೆ ಚೂರಾಗಿ ಒಡೆಯುತ್ತದೆ. ತಿರಮಿಸು ಎಂಬ ಕಾಫಿ ರುಚಿಯ ಸಿಹಿಯಲ್ಲಿ ಹಸಿ ಮೊಟ್ಟೆ ಇರುವುದೇ ರೂಢಿ, ಅನೇಕ ಕಡೆ ಮಾರ್ಸಾಲಾ ವೈನನ್ನೋ ರಮ್ಮನ್ನೋ ಬೆರೆಸುತ್ತಾರೆ. ಮಕ್ಕಳ ಕೈಗೆ ಚಮಚ ಕೊಡುವ ಮೊದಲು ಇದು ಗೊತ್ತಿರಬೇಡವೇ? ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಡ್ಯೂರಮ್ ಗೋಧಿ ರವೆ, ನೀರು ಬಿಟ್ಟು ಬೇರೇನೂ ಇಲ್ಲ. 'ಫ್ರೆಶ್ ಪಾಸ್ತಾ' ಎಂದು ಹೆಚ್ಚು ಬೆಲೆಗೆ ಮಾರುವ ತಾಲ್ಯಾತೆಲ್ಲೆ, ರವಿಯೊಲಿಯ ಹಿಟ್ಟಿನಲ್ಲಿ ಮಾತ್ರ ಬಹುಮಟ್ಟಿಗೆ ಮೊಟ್ಟೆ ಇರುತ್ತದೆ. ರಿಸೊಟ್ಟೊ ಎಂಬ ಅನ್ನದ ಅಡುಗೆ ಬೇಯುವುದು ಬರೀ ನೀರಿನಲ್ಲಲ್ಲ, ಸಾರಿನಲ್ಲಿ. ಅದು ತರಕಾರಿ ಸಾರೋ ಕೋಳಿ ಸಾರೋ ಕೇಳಿ. ಟೊಮೆಟೊ, ಆಲಿವ್, ಕೇಪರ್ ಹಾಕಿದ ಪುಟ್ಟನೆಸ್ಕಾ ಸಾಸ್ ನೋಡಲು ಅಪ್ಪಟ ತರಕಾರಿಯದು, ಆದರೆ ಬಹಳ ಕಡೆ ಬಾಣಲೆಗೆ ಮೊದಲು ಬೀಳುವವುಗಳಲ್ಲಿ ಆಂಚೊವಿ ಮೀನೂ ಒಂದು, ಎಣ್ಣೆಯಲ್ಲಿ ಕರಗಿ ಕಾಣದಂತಾಗುತ್ತದೆ. ಪೆಸ್ಟೊ ಎಂಬ ಹಸಿರು ಚಟ್ನಿಯಂಥ ಸಾಸ್‌ನಲ್ಲಿ ಕಾಮಕಸ್ತೂರಿ ಜಾತಿಯ ಬೇಸಿಲ್ ಎಲೆ, ಪೈನ್ ಬೀಜ, ಬೆಳ್ಳುಳ್ಳಿ, ಆಲಿವ್ ಎಣ್ಣೆಯ ಜೊತೆಗೆ ಪಾರ್ಮಿಜಾನೊ ಮತ್ತು ಪೆಕೊರಿನೊ ಜಾತಿಯ ಚೀಸ್ ಇರುತ್ತವೆ. ಪೈನ್ ಬೀಜ ತುಟ್ಟಿ ಎಂದು ಗೋಡಂಬಿ ಹಾಕುವುದು ಜಾಡಿ ಪೆಸ್ಟೊದಲ್ಲೂ ಸಾಮಾನ್ಯ, ಆಲಿವ್ ಬದಲು ಸೂರ್ಯಕಾಂತಿ ಎಣ್ಣೆಯೂ ಸಾಮಾನ್ಯ. ಹಾಕಲಿ, ತಪ್ಪಿಲ್ಲ, ಬರೆದು ಹಾಕಲಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಶಾಖೆಗಳಿರುವ ಅಥವಾ ಕೇಂದ್ರ ಪರವಾನಗಿ ಪಡೆದ ಹೋಟೆಲ್‌ಗಳು ಮೆನುವಿನಲ್ಲಿ ಕ್ಯಾಲೊರಿ ಮತ್ತು ಅಲರ್ಜಿ ತರುವ ಪದಾರ್ಥಗಳ ವಿವರ ಕೊಡಬೇಕೆಂಬ ನಿಯಮ 2022ರ ಜುಲೈನಿಂದ ಇದೆ. ಕೇಂದ್ರ ಪರವಾನಗಿಯಿಲ್ಲದೆ ಒಂದೆರಡು ಶಾಖೆ ಇಟ್ಟುಕೊಂಡವರು ಅದರ ಬಲೆಗೆ ಬೀಳುವುದಿಲ್ಲ.

'ಎಲ್ಲ ಇಟಲಿಯಿಂದಲೇ ಬಂದದ್ದು' ಎಂಬ ಜಂಬವೂ ಅನಗತ್ಯ. ಬುರ್ರಾತಾ ಮತ್ತು ತಾಜಾ ಮೊಟ್ಸರೆಲ್ಲಾದಂಥ ಮೆತ್ತನೆಯ ಚೀಸ್ ದಿನ ಕಳೆದಂತೆ ಕೆಡುವ ಸರಕು, ವಿಮಾನ ಇಳಿದು ಕಸ್ಟಮ್ಸ್ ದಾಟಿ ಬಂದದ್ದಕ್ಕಿಂತ ಇಲ್ಲೇ ಹತ್ತಿರದಲ್ಲಿ ಮಾಡಿದ್ದೇ ಮೇಲು. ವಲ್ಲೊಂಬ್ರೋಸಾ ಪಂಗಡದ ಬೆನೆಡಿಕ್ಟೈನ್ ಸನ್ಯಾಸಿಗಳು ಬೆಂಗಳೂರಿನಲ್ಲೇ ಇಟಾಲಿಯನ್ ಮಾದರಿಯ ಚೀಸ್ ಮಾಡುತ್ತಾ ಬಂದಿದ್ದಾರೆ, ನಗರದ ಹೋಟೆಲ್‌ಗಳು ಕೊಳ್ಳುತ್ತವೆ. ಇಲ್ಲಿಯದು ಎಂದು ಮೆನುವಿನಲ್ಲಿ ಬರೆದರೆ ಮರ್ಯಾದೆ ಹೋಗುವುದಿಲ್ಲ. ಬುರ್ರಾತಾ ಅಂದರೆ ಹೊರಗೆ ಮೊಟ್ಸರೆಲ್ಲಾದ ತೆಳು ಚೀಲ, ಒಳಗೆ ಕ್ರೀಮಿನಲ್ಲಿ ನೆಂದ ಎಳೆಗಳು. ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆಯಾದರೂ ಹೊರಗಿಟ್ಟು ಬಡಿಸಬೇಕು. ನೇರ ತಣ್ಣಗೆ ತಂದಿಟ್ಟರೆ ಒಳಗಿನ ಕ್ರೀಮು ಹರಿಯದೆ ಮುದ್ದೆಯಾಗಿರುತ್ತದೆ, ಗಿರಾಕಿ 'ರುಚಿಯೇ ಇಲ್ಲ' ಅನ್ನುತ್ತಾನೆ. ಕತ್ತರಿಸಿದಾಗ ಹುಳಿ ವಾಸನೆ ಬಂದರೆ, ಹೊರಮೈ ಲೋಳೆಲೋಳೆ ಆಗಿದ್ದರೆ ವಾಪಸ್ ಕಳಿಸಿ.

ವಾಪಸ್ ಕಳಿಸಬಾರದ್ದೂ ಇದೆ. ಚೆನ್ನಾಗಿ ಮಾಗಿದ ಪಾರ್ಮಿಜಾನೊ ಒಳಗೆ ಬಿಳಿ ಕಾಳಿನಂಥ ಚುಕ್ಕೆಗಳು ಕಾಣುತ್ತವೆ, ಕಚ್ಚಿದರೆ ಕಟಕಟ ಅನ್ನುತ್ತವೆ. ಅದು ಬೂಷ್ಟಲ್ಲ, ಟೈರೊಸಿನ್ ಹರಳು, ಮಾಗಿದ್ದಕ್ಕೆ ಗುರುತು. ಅದನ್ನು ಹಿಡಿದು ಕೌಂಟರ್‌ನಲ್ಲಿ ಜಗಳಕ್ಕೆ ನಿಲ್ಲುವವರಿದ್ದಾರೆ.

ಕೌಂಟರ್‌ನಲ್ಲಿ ಗಮನಿಸಬೇಕಾದದ್ದು ತಕ್ಕಡಿ. ಅದರ ಅಂಕಿ ಗಿರಾಕಿಗೂ ಕಾಣಬೇಕು, ಕಾನೂನು ಮಾಪನಶಾಸ್ತ್ರ ಇಲಾಖೆಯ ಚಾಲ್ತಿ ಮುದ್ರೆ ಇರಬೇಕು, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ಮೇಣದ ಕಾಗದವನ್ನೋ ಪ್ಲಾಸ್ಟಿಕ್ ಡಬ್ಬಿಯನ್ನೋ ಮೊದಲು ಇಟ್ಟು ಸೊನ್ನೆಗೆ ತಂದು ಆಮೇಲೆ ಚೀಸ್ ಇಡಬೇಕು. ಡಬ್ಬಿ 15 ಗ್ರಾಂ ಇದ್ದರೆ, ಕಿಲೋಗೆ 4,000 ರೂಪಾಯಿಯ ಚೀಸ್‌ನಲ್ಲಿ ಆ ಪ್ಲಾಸ್ಟಿಕ್‌ಗೆ ನೀವು 60 ರೂಪಾಯಿ ಕೊಟ್ಟಂತೆ. ಉಪ್ಪುನೀರಿನಲ್ಲಿ ತೇಲುವ ಮೊಟ್ಸರೆಲ್ಲಾ, ಆಲಿವ್ ಕಾಯಿಯನ್ನು ನೀರು ಬಸಿದ ಮೇಲೆ ತೂಗಬೇಕು, ನೀರಿನ ಸಮೇತ ಅಲ್ಲ. ಮೊದಲೇ ಕತ್ತರಿಸಿ ಪ್ಲಾಸ್ಟಿಕ್ ಹಾಳೆ ಸುತ್ತಿಟ್ಟ ತುಂಡು ಕೊಳ್ಳುವುದಾದರೆ ಕತ್ತರಿಸಿದ ದಿನ ಕೇಳಿ. ಹಾಳೆಯ ಒಳಗೆ ಬೆವರು ಕಟ್ಟಿದ್ದರೆ ಅದು ನಡುವೆ ಎಲ್ಲೋ ಬಿಸಿಯಾಗಿ ಮತ್ತೆ ತಣ್ಣಗಾಗಿದೆ ಎಂದು ಊಹಿಸಬಹುದು. ಕರೆಂಟ್ ಹೋಗಿ ಬರುವ ಬೇಸಿಗೆಯಲ್ಲಿ ಇದು ಹೆಚ್ಚು.

ಇನ್ನು ಕಪಾಟು. ಆಮದು ಪೊಟ್ಟಣದ ಬೆನ್ನಿಗೆ ಒಂದು ಬಿಳಿ ಸ್ಟಿಕ್ಕರ್ ಇರುತ್ತದೆ: ಆಮದುದಾರರ ಹೆಸರು ವಿಳಾಸ, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ, ಸಸ್ಯಾಹಾರದ ಗುರುತು, ಎಂಆರ್‌ಪಿ, ಗ್ರಾಂಗೋ ಮಿಲಿಲೀಟರ್‌ಗೋ ಎಷ್ಟು ಬಿತ್ತು ಎಂಬ ದರ. ಸ್ಟಿಕ್ಕರ್ ಹಚ್ಚುವುದು ನಿಯಮಬದ್ಧವೇ. ಎಡವಟ್ಟಾಗುವುದು ಅದನ್ನು ಎಲ್ಲಿ ಹಚ್ಚುತ್ತಾರೆ ಎಂಬಲ್ಲಿ. ಕಂಪನಿ ಮುದ್ರಿಸಿದ ಪದಾರ್ಥಗಳ ಪಟ್ಟಿಯನ್ನೋ ಕೊನೆಯ ತಾರೀಕನ್ನೋ ಅದು ಮುಚ್ಚಿಬಿಟ್ಟಿರುತ್ತದೆ. ಡಬ್ಬಿಯ ತಳ, ಬಾಟಲಿಯ ಕತ್ತು ತಿರುಗಿಸಿ ನೋಡಿ, ಮೂಲ ತಾರೀಕು ಅಲ್ಲೇ ಎಲ್ಲೋ ಇರುತ್ತದೆ. ಸ್ಟಿಕ್ಕರಿನ ತಾರೀಕಿಗೆ ಅದು ತಾಳೆಯಾಗದಿದ್ದರೆ ಕೊಳ್ಳಬೇಡಿ. ಇಟಲಿಯವರು ದಿನ, ತಿಂಗಳು, ವರ್ಷ ಎಂಬ ನಮ್ಮ ಕ್ರಮದಲ್ಲೇ ಬರೆಯುವುದರಿಂದ ಗೊಂದಲವಿಲ್ಲ.

ಆಮದು ನಿಯಮದ ಒಂದು ಸೂಕ್ಷ್ಮ ಬಹಳ ಜನಕ್ಕೆ ಗೊತ್ತಿಲ್ಲ. ಕಸ್ಟಮ್ಸ್‌ನಿಂದ ಬಿಡುಗಡೆಯಾಗುವಾಗ ಆಹಾರದ ಬಾಳಿಕೆಯ ಅವಧಿಯಲ್ಲಿ ಶೇ. 60 ಅಥವಾ 3 ತಿಂಗಳು, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಉಳಿದಿದ್ದರೆ ಸಾಕು. 20 ದಿನ ಬಾಳುವ ಚೀಸ್‌ಗೆ ಇದು 12 ದಿನ, ಸರಿ. ಎರಡು ವರ್ಷ ಬಾಳುವ ಆಲಿವ್ ಎಣ್ಣೆ ಮಾತ್ರ 21 ತಿಂಗಳು ಹಳೆಯದಾಗಿ ಬಂದಿಳಿದರೂ ಕಾನೂನು ಅಡ್ಡ ಬರುವುದಿಲ್ಲ. 'ಒಂದು ಕೊಂಡರೆ ಒಂದು ಉಚಿತ' ಫಲಕದ ಕೆಳಗೆ ಎಣ್ಣೆ, ಜಾಡಿ ಪೆಸ್ಟೊ ಕಂಡರೆ ಮೊದಲು ತಾರೀಕು ನೋಡಬೇಕಾದದ್ದು ಇದಕ್ಕೇ. ಹೊಸದಿದ್ದಷ್ಟೂ ಒಳ್ಳೆಯದಾಗಿರುವ ಸರಕು ಆಲಿವ್ ಎಣ್ಣೆ. ಕೊಯ್ಲು ಅಕ್ಟೋಬರ್‌ನಿಂದ ಡಿಸೆಂಬರ್ ಸುಮಾರಿಗೆ. ಒಳ್ಳೆಯ ಕಂಪನಿಗಳು ಕೊಯ್ಲಿನ ವರ್ಷವನ್ನೇ ಬಾಟಲಿ ಮೇಲೆ ಹಾಕುತ್ತವೆ. ಎಕ್ಸ್‌ಟ್ರಾ ವರ್ಜಿನ್ ಅನ್ನಿಸಿಕೊಳ್ಳಲು ಆಮ್ಲೀಯತೆ ಶೇ. 0.8 ಮೀರಬಾರದು. ಬೆಳಕು, ಬಿಸಿ ಎರಡೂ ಅದಕ್ಕೆ ಶತ್ರು. ಹೀಗಿದ್ದರೂ ಅಂದಕ್ಕೆಂದು ಬಾಟಲಿಗಳನ್ನು ಗಾಜಿನ ಗೋಡೆಯ ಪಕ್ಕ, ಕಣ್ಣು ಕುಕ್ಕುವ ದೀಪದ ಕೆಳಗೆ ಜೋಡಿಸುತ್ತಾರೆ. ಬಿಳಿ ಗಾಜಿನ ಬಾಟಲಿ ಬಿಟ್ಟು ಕಡುಬಣ್ಣದ ಬಾಟಲಿ ಅಥವಾ ತಗಡಿನ ಡಬ್ಬಿ ತೆಗೆದುಕೊಳ್ಳಿ, ಅದೂ ಹಿಂದಿನ ಸಾಲಿನದು. 'ಪೊಮೆಸ್' ಎಂದಿದ್ದರೆ ಅದು ಹಿಂಡಿದ ಹಿಂಡಿಯಿಂದ ದ್ರಾವಕ ಹಾಕಿ ತೆಗೆದು ಶುದ್ಧೀಕರಿಸಿದ್ದು. ಕರಿಯಲು ಆದೀತು, ಸಲಾಡ್ ಮೇಲೆ ಸುರಿಯಲು ಅಲ್ಲ. 'ಇಟಲಿಯಲ್ಲಿ ತುಂಬಿದ್ದು' ಎಂದ ಮಾತ್ರಕ್ಕೆ ಕಾಯಿ ಇಟಲಿಯದಲ್ಲ, ಸಣ್ಣ ಅಕ್ಷರದಲ್ಲಿ ಯಾವ ಯಾವ ದೇಶದ್ದೆಂದು ಇರುತ್ತದೆ.

ಮೇಜಿನ ಮೇಲಿಡುವ ಎಣ್ಣೆಯ ವಿಷಯದಲ್ಲಿ ಇಟಲಿಯವರು ಈ ಪತ್ರ ಕೇಳುತ್ತಿರುವುದನ್ನೇ ಮಾಡಿದ್ದಾರೆ. ಅಲ್ಲಿ ಹೋಟೆಲ್ ಮೇಜಿನ ಬಾಟಲಿಗೆ ಚೀಟಿ ಇರಬೇಕು, ಖಾಲಿಯಾದ ಮೇಲೆ ಮತ್ತೆ ತುಂಬಲಾಗದಂಥ ಮುಚ್ಚಳ ಇರಬೇಕು ಎಂದು ಕಾನೂನಿದೆ. ಇಲ್ಲಿ ಬ್ರೆಡ್ ಅದ್ದಲು ಕೊಡುವ ಬಟ್ಟಲಿನಲ್ಲಿರುವುದು ಯಾವ ಎಣ್ಣೆ ಎಂದು ಕೇಳಿ ನೋಡಿ, ಸರಿಯಾದ ಉತ್ತರ ಬರುವುದು ಅಪರೂಪ. ಅದೇ ಬಟ್ಟಲಿನ ಕಪ್ಪು ಬಾಲ್ಸಾಮಿಕ್ ವಿನಿಗರ್‌ನಲ್ಲೂ ಎರಡು ಜಾತಿ. ಸಾಧಾರಣ ಮೊಡೆನಾ ಬಾಲ್ಸಾಮಿಕ್ 60 ದಿನ ಮಾಗಿದರೆ ಸಾಕು, ಅದು ವೈನ್ ವಿನಿಗರ್ ಬೆರೆಸಿದ್ದು. 'ತ್ರಾದಿತ್ಸಿಯೊನಾಲೆ' ಎಂಬುದಕ್ಕೆ ಕನಿಷ್ಠ 12 ವರ್ಷ, ಸಾಮಾನ್ಯವಾಗಿ ಬರುವುದು 100 ಮಿಲಿಲೀಟರ್‌ನ ಪುಟ್ಟ ಬಾಟಲಿಯಲ್ಲಿ, ಯಾರೂ ಅದನ್ನು ಬಟ್ಟಲಿಗೆ ಧಾರಾಳವಾಗಿ ಸುರಿಯುವುದಿಲ್ಲ. ಪಿಟ್ಸಾ ಮೆನುವಿನಲ್ಲಿ ಮೆರೆಯುವ ಸ್ಯಾನ್ ಮಾರ್ಟ್ಸಾನೊ ಟೊಮೆಟೊ ಕೂಡ ಹಾಗೆಯೇ: ಸಂರಕ್ಷಿತ ಹೆಸರಿನ ಡಬ್ಬಿಯಲ್ಲಿ ಬರುವುದು ಸಿಪ್ಪೆ ಸುಲಿದ ಇಡೀ ಹಣ್ಣು ಅಥವಾ ಉದ್ದ ಹೋಳು, ಚಿಕ್ಕ ಚೂರು ಮಾಡಿದ್ದಲ್ಲ. ಡಬ್ಬಿ ಕಪಾಟಿನಲ್ಲಿದೆ, ಹೋಲಿಸಿ ನೋಡಬಹುದು.

ಪಾಸ್ತಾ ಬಗ್ಗೆ ಗಿರಾಕಿಗಳ ದೂರು ಎರಡು. ಒಂದು, ಮೇಜಿನ ಮೇಲೆ ಬಂದದ್ದು ಬೆಂದಿರಲಿಲ್ಲ; ಇನ್ನೊಂದು, ಮನೆಗೆ ಒಯ್ದದ್ದು ಪೊಟ್ಟಣದಲ್ಲಿ ಬರೆದಂತೆ ಬೇಯಲಿಲ್ಲ. ಎರಡನೆಯದಕ್ಕೆ ಕಾರಣ ಬೆಂಗಳೂರೇ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯುವುದು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಪೊಟ್ಟಣದಲ್ಲಿ 9 ನಿಮಿಷ ಎಂದಿದ್ದರೆ ಇಲ್ಲಿ ಒಂದೆರಡು ನಿಮಿಷ ಹೆಚ್ಚೇ ಬೇಕು. 100 ಗ್ರಾಂಗೆ ಒಂದು ಲೀಟರ್ ನೀರು, 10 ಗ್ರಾಂ ಉಪ್ಪು. ನೀರು ಕಡಿಮೆಯಾದರೆ ಹಾಕಿದ ತಕ್ಷಣ ಕುದಿ ನಿಂತು ಎಳೆಗಳು ಒಂದಕ್ಕೊಂದು ಅಂಟುತ್ತವೆ. ನೀರಿಗೆ ಎಣ್ಣೆ ಹಾಕಬೇಡಿ, ಸಾಸ್ ಹಿಡಿಯದೆ ಜಾರುತ್ತದೆ. ಒಂದು ಎಳೆ ತೆಗೆದು ಕಚ್ಚಿ ಅಡ್ಡಸೀಳು ನೋಡಿ: ನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕಿ ಉಳಿದಿರುವಾಗ ಬಸಿದು ಸಾಸಿನ ಬಾಣಲೆಗೆ ಹಾಕಿ ಕೊನೆಯ ನಿಮಿಷ ಅಲ್ಲೇ ಬೇಯಿಸಬೇಕು, ಬೇಯಿಸಿದ ನೀರು ಒಂದು ಸೌಟು ಸೇರಿಸಿ. ಡ್ಯೂರಮ್ ಎಂದರೆ ನಮಗೆ ಪರಕೀಯವೇನಲ್ಲ, ಉಪ್ಪಿಟ್ಟಿನ ಬನ್ಸಿ ರವೆಯೂ ಆ ಜಾತಿಯ ಗೋಧಿಯದೇ; ಬೆಂದರೂ ಮುದ್ದೆಯಾಗದಿರುವ ಗುಣ ಅಲ್ಲಿಂದ ಬಂದದ್ದು.

ಹೋಟೆಲಿನಲ್ಲಿ ಕೆಡುವುದು ಬೇರೆ ಕಾರಣಕ್ಕೆ. ವಾರಾಂತ್ಯದ ನೂಕುನುಗ್ಗಲಿಗೆಂದು ಪಾಸ್ತಾವನ್ನು ಮುಕ್ಕಾಲು ಬೇಯಿಸಿ, ಎಣ್ಣೆ ಸವರಿ, ಫ್ರಿಜ್‌ನಲ್ಲಿಟ್ಟು, ಆರ್ಡರ್ ಬಂದಾಗ ಕುದಿನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಹೊರಗೆ ಮೆತ್ತಗೆ, ಒಳಗೆ ರಬ್ಬರು, ಸಾಸೆಲ್ಲ ತಟ್ಟೆಯ ತಳದಲ್ಲಿ. ಒಣ ಪಾಸ್ತಾ ಆರ್ಡರ್ ಮಾಡಿದ ನಾಲ್ಕೈದು ನಿಮಿಷಕ್ಕೆ ತಟ್ಟೆ ಬಂದರೆ ಹೀಗೇ ಆಗಿದೆ ಎಂದು ತಿಳಿಯಬಹುದು; 12-15 ನಿಮಿಷ ಹಿಡಿದರೆ ಸಿಟ್ಟಾಗುವ ಬದಲು ಸಂತೋಷ ಪಡಬೇಕು. ಪ್ರಮಾಣದ ಬಗ್ಗೆಯೂ ತಗಾದೆ ಇದೆ. ಒಬ್ಬರಿಗೆ 80ರಿಂದ 100 ಗ್ರಾಂ ಒಣ ಪಾಸ್ತಾ ಎಂಬುದು ಇಟಲಿಯ ವಾಡಿಕೆ, ಬೆಂದಾಗ ಎರಡರಷ್ಟು ತೂಗುತ್ತದೆ. ಆ ಗ್ರಾಂ ಮೆನುವಿನಲ್ಲಿದ್ದರೆ ತಗಾದೆಯೇ ಹುಟ್ಟುವುದಿಲ್ಲ.

ಪಿಟ್ಸಾ ಪಾರ್ಸೆಲ್ ತರುವವರಿಗೆ ಒಂದೇ ಮಾತು. ನೇಪಲ್ಸ್ ಮಾದರಿಯದು 430 ಡಿಗ್ರಿಗೂ ಮೇಲಿನ ಒಲೆಯಲ್ಲಿ 60ರಿಂದ 90 ಸೆಕೆಂಡಿನಲ್ಲಿ ಬೇಯುವಂಥದ್ದು, ನಡುಭಾಗ ಮೆತ್ತಗೆ, ತೇವವಾಗಿರುವುದೇ ಅದರ ಲಕ್ಷಣ. ಮುಚ್ಚಿದ ಡಬ್ಬಿಯಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್ ದಾಟುವಷ್ಟರಲ್ಲಿ ತನ್ನ ಹಬೆಯಲ್ಲೇ ನೆಂದು ಚಪ್ಪಟೆಯಾಗಿರುತ್ತದೆ. ಅಲ್ಲೇ ತಿನ್ನಿ.

ಕಾಫಿ ತವರಿಂದ ಇಟಲಿಗೆ ಹೋಗಿ ಹುರಿದು ಡಬ್ಬಿಯಾಗಿ ವಾಪಸ್ ಬರುವುದನ್ನು ಕೊಳ್ಳುವವರಿಗೂ ಒಂದು ಮಾತು. ಭಾರತದ ಕಾಫಿಯ ಅತಿ ದೊಡ್ಡ ಖರೀದಿದಾರ ಇಟಲಿ. ಆ ಕಾಫಿಯ ಬಹುಪಾಲು ಬೆಳೆಯುವುದು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಡಬ್ಬಿಯ ಮೇಲೆ ಕೊನೆಯ ತಾರೀಕು ಇರುತ್ತದೆ, ಹುರಿದ ತಾರೀಕು ಇರುವುದು ಕಡಿಮೆ, ರುಚಿಗೆ ಬೇಕಾದದ್ದು ಎರಡನೆಯದು. ಹೋದ ವಾರ ಹುರಿದದ್ದು ಮಲ್ಲೇಶ್ವರದಲ್ಲೋ ಗಾಂಧಿಬಜಾರಿನಲ್ಲೋ ಸಿಗುತ್ತದೆ.

ಕೊನೆಗೆ ಬಿಲ್ಲು. ಅಂಗಡಿಯ ಕಾನೂನೇ ಬೇರೆ, ಹೋಟೆಲಿನ ಕಾನೂನೇ ಬೇರೆ. ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಎರಡೂ ಸೇರಿದಾಗ ಕಲಬೆರಕೆ ಆಗುತ್ತದೆ. ಕಪಾಟಿನ ಸಾಮಾನಿಗೆ ಎಂಆರ್‌ಪಿ ಮೀರಿ ಒಂದು ರೂಪಾಯಿ ತೆಗೆದುಕೊಳ್ಳುವಂತಿಲ್ಲ, ಅದರಲ್ಲೇ ತೆರಿಗೆ ಸೇರಿದೆ. ಬಿಲ್ಲಿಂಗ್ ಯಂತ್ರದಲ್ಲಿ ಹೋಟೆಲಿನ ಪಟ್ಟಿಗೆ ಸೇರಿಸಿಟ್ಟರೆ ಅದು ಎಂಆರ್‌ಪಿ ಮೇಲೆ ಮತ್ತೆ ಜಿಎಸ್‌ಟಿ ಹಾಕಿಬಿಡುತ್ತದೆ, ಹಾಗಾಗಿ ಬಿಲ್ಲನ್ನು ಸಾಲು ಸಾಲಾಗಿ ನೋಡಬೇಕು. ಪಾಸ್ತಾ, ಚೀಸ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ, ಹಳೆಯ ಸ್ಟಿಕ್ಕರಿನ ಸರಕು ಇನ್ನೂ ಕಂಡರೆ ಕೇಳಿ. ಆದರೆ ಬಾಟಲಿ ನೀರನ್ನು ಮೇಜಿಗೆ ತಂದು ಬಡಿಸಿದರೆ ಎಂಆರ್‌ಪಿ ಮೀರಬಹುದು, ಅದು ಸೇವೆ ಎಂದು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾದರೆ ಗಿರಾಕಿಯೇ ಕಪಾಟಿನಿಂದ ಬಾಟಲಿ ಎತ್ತಿಕೊಂಡು ಬಂದು ಮೇಜಿಗೆ ಕೂತರೆ ಯಾವ ದರ? ಜಗಳವಾಗುವುದು ಇಲ್ಲೇ. ನಮ್ಮ ದರ್ಶಿನಿಗಳಲ್ಲಿ ಕೆಳಗೆ ನಿಂತು ತಿನ್ನುವವರಿಗೆ ಒಂದು ದರ, ಮೇಲಿನ ಎಸಿ ಹಾಲ್‌ಗೆ ಇನ್ನೊಂದು ದರ, ಎರಡಕ್ಕೂ ಬೋರ್ಡು ಇರುತ್ತದೆ, ಯಾರೂ ಜಗಳವಾಡುವುದಿಲ್ಲ. ಇಟಲಿಯ ಕಾಫಿ ಬಾರ್‌ಗಳಲ್ಲೂ ಕೌಂಟರ್ ದರ, ಮೇಜಿನ ದರ ಎಂದು ಎರಡು. ಈ ಮಳಿಗೆಗಳೂ ಕಪಾಟಿನ ಬಳಿಯೇ ಒಂದು ಬೋರ್ಡು ಹಾಕಿದರೆ ಮುಗಿಯಿತು.

ಸರ್ವಿಸ್ ಚಾರ್ಜ್ ವಿಚಾರ ಸ್ಪಷ್ಟವಾಗಿದೆ. ಅದನ್ನು ತಾನೇ ತಾನಾಗಿ ಬಿಲ್ಲಿಗೆ ಸೇರಿಸಬಾರದು ಎಂಬ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಜುಲೈ 4ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್‌ನ ಏಕಸದಸ್ಯ ಪೀಠ 2025ರ ಮಾರ್ಚ್ 28ರಂದು ಎತ್ತಿಹಿಡಿಯಿತು. ಮೊತ್ತ ಸಣ್ಣದಲ್ಲ: 1,000 ರೂಪಾಯಿ ಊಟಕ್ಕೆ ಶೇ. 5 ಜಿಎಸ್‌ಟಿ ಸೇರಿ 1,050 ಆಗಬೇಕು, ಶೇ. 10 ಸರ್ವಿಸ್ ಚಾರ್ಜ್ ಹಾಕಿ, ಅದರ ಮೇಲೂ ಜಿಎಸ್‌ಟಿ ಹಾಕಿದರೆ 1,155. ಊಟದ ಜೊತೆ ಕಪಾಟಿನ ಸಾಮಾನೂ ಒಂದೇ ಬಿಲ್ಲಿನಲ್ಲಿದ್ದರೆ ಈ ಶೇ. 10 ಇಡೀ ಮೊತ್ತಕ್ಕೆ ಅಂಟಿಕೊಳ್ಳುವ ಅಪಾಯವಿದೆ. ಆದ್ದರಿಂದ ಎರಡು ಬಿಲ್ ಕೇಳುವುದು ಲೇಸು. ಬಿಲ್ ಮಾಡಲು ಮೊಬೈಲ್ ನಂಬರ್ ಬೇಕೇ ಬೇಕು ಎಂದರೂ ಕೊಡಬೇಕಿಲ್ಲ. ಹಾಗೆ ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಮಾರಾಟಗಾರರಿಗೆ ಸೂಚಿಸಿದೆ.

ದೂರು ಕೊಡುವುದಾದರೆ ಪೊಟ್ಟಣದ ಮುಂದು ಹಿಂದು, ಸ್ಟಿಕ್ಕರ್, ಮೆನುವಿನ ಆ ಸಾಲು, ಬಿಲ್ ಇವಿಷ್ಟರ ಫೋಟೊ ಅಲ್ಲೇ ತೆಗೆದಿಟ್ಟುಕೊಳ್ಳಿ. ಬಿಲ್ಲಿನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು, ದೂರಿಗೆ ಅದು ಬೇಕಾಗುತ್ತದೆ. ಪದಾರ್ಥ, ತಾರೀಕು, ಸಸ್ಯಾಹಾರದ ಗುರುತಿನ ತಕರಾರಿಗೆ 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್. ತೂಕ, ಎಂಆರ್‌ಪಿಗೆ ಕಾನೂನು ಮಾಪನಶಾಸ್ತ್ರ ಇಲಾಖೆ. ಸರ್ವಿಸ್ ಚಾರ್ಜ್‌ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಷ್ಟಕ್ಕೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ; ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

— ಓದುಗರೊಬ್ಬರು, ಬೆಂಗಳೂರು